ಬಲಗಾಲು

ಕ್ಷೌರದಂಗಡಿಯ ಕನ್ನಡಿಯ ಮೇಲೆ ಇಷ್ಟು ವರ್ಷ ಇದ್ದ ತನ್ನ ಫೋಟೋ ಈಗ ಅಲ್ಲಿಲ್ಲ ಎಂಬುದು ಎಮೆಟ್‌ಗೆ ಗೊತ್ತಾದದ್ದು, ಗಸ್ ಅವನ ಕುತ್ತಿಗೆಗೆ ಬಟ್ಟೆ ಸುತ್ತಿ, ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಮುಖಕ್ಕೆಲ್ಲ ನೊರೆ ಬಳಿದ ಮೇಲೆ. ಆಗ ಎದ್ದು ಹೋಗುವ ಹಾಗಿರಲಿಲ್ಲ. ಆ ಜಾಗದಲ್ಲಿ ಅವನ ತಂಡದ ಹುಡುಗ ಹೂಡಾಕ್ ಇದ್ದ. ಪತ್ರಿಕೆಯಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ ಚಿತ್ರ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ಯಾರೋ ಬೈದು ನಿಲ್ಲಿಸಿದ ಹಾಗೆ ನಿಂತಿದ್ದ. ನನ್ನದೆಲ್ಲಿ ಎಂದು ಕೇಳಬಾರದು, ಕೇಳಿದರೆ ಸಣ್ಣವನಾಗುತ್ತೇನೆ ಎಂದುಕೊಳ್ಳುತ್ತಲೇ ಎಮೆಟ್ ಕಣ್ಣುಗುಡ್ಡೆಯನ್ನಷ್ಟೇ ಹೊರಳಿಸಿ ಗೋಡೆಯುದ್ದಕ್ಕೂ ಹುಡುಕಿದ. ಸಿಕ್ಕಿತು. ಹಿಂಬಾಗಿಲ ಪಕ್ಕ, ಕೋಟು ತೂಗುಹಾಕುವ ಗೂಟಗಳ ಮೇಲೆ. ಯಾರದೋ ಒದ್ದೆ ಕೋಟಿನ ಕಾಲರು ಚಿತ್ರದ ಕೆಳಭಾಗವನ್ನೆಲ್ಲ ಮುಚ್ಚಿತ್ತು. ಅಲ್ಲಿ ಬರೆದಿದ್ದ ಅವನ ಹೆಸರಾಗಲಿ, ೧೯೦೩ ಎಂಬ ಇಸವಿಯಾಗಲಿ ಕಾಣುತ್ತಿರಲಿಲ್ಲ. ಯಾವನೋ ಒಬ್ಬ ಮುರಿದ ಮೂಗಿನವನು ಕೋಟಿನ ಮೇಲಿಂದ ಇಣುಕುತ್ತಿದ್ದ, ಅಷ್ಟೆ.

"ಅಲ್ಲಿ ಒಳ್ಳೆ ಬೆಳಕು ಬೀಳುತ್ತೆ ಅಂತ ಹಾಕ್ದೆ ಕೋಚ್," ಎಂದ ಗಸ್, ಕತ್ತಿಯನ್ನು ತೊಗಲಿನ ಪಟ್ಟಿಗೆ ಮಸೆಯುತ್ತ. "ಇಲ್ಲಿ ಬಿಸಿನೀರಿನ ಹಬೆ ಹೊಡ್ದು ಹೊಡ್ದು ನಿಮ್ಮ ಮುಖ ಹಳದಿ ಆಗ್ತಿತ್ತು."

"ಅವನ ಮುಖ ಹಳದಿ ಆಗ್ತಿರೋದು ಹಬೆಯಿಂದ ಅಲ್ಲ ಬಿಡು ಗಸ್," ಎಂದ ಟುಲಿ. ಪಕ್ಕದ ಬೆಂಚಿನಲ್ಲಿ ಸರದಿ ಕಾಯುತ್ತ ಕೂತಿದ್ದ, ಕಾಲುಗಳನ್ನು ಊರಿಗೆಲ್ಲ ಅಡ್ಡವಾಗುವ ಹಾಗೆ ಚಾಚಿಕೊಂಡು. ಈಗ ಮೊಳೆ, ಬಾಗಿಲ ಚಿಲಕ ಮಾರುವ ಟುಲಿ ಆಗ ಎಮೆಟ್‌ನ ಜೊತೆಯಲ್ಲೇ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಆಡಿದವನು. ೧೯೦೩ರ ಆ ಆಟದ ದಿನ ಎದುರಿನ ಸಾಲನ್ನು ತಲೆಯಿಂದ ಗುದ್ದಿ ದಾರಿ ಬಿಡಿಸಿದವನು ತಾನು, ಆ ದಾರಿಯಲ್ಲಿ ಎತ್ತಿನ ಗಾಡಿ ಹೊಡೆದಿದ್ದರೂ ಗೋಲುಗೆರೆ ಮುಟ್ಟುತ್ತಿತ್ತು ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತಾನೆ. ಎಮೆಟ್ ನಗುತ್ತಾನೆ. ಗಂಟಲಿಗೆ ಕತ್ತಿ ತಾಗಿರುವಾಗ ನಗುವುದು ಕಷ್ಟ.

"ಇವತ್ತು ಗಂಟೆ ಹೊಡೆಯೋದು ಗ್ಯಾರಂಟಿ," ಎಂದ ಗಸ್. "ಹುಡುಗನಿಗೆ ಕಾಲೇಜಿನ ಕೊನೇ ವರ್ಷ, ಇದೇ ಕೊನೇ ಆಟ. ಅವರಪ್ಪ ಗಣಿಯಿಂದ ರಜ ಹಾಕಿ ಬಂದಿದ್ದಾನಂತೆ, ಗಂಟೆ ಕೇಳೋದಕ್ಕೆ."

ಹಾಲೋವೆ ಕಾಲೇಜಿನಲ್ಲಿ ಗಂಟೆಗಳು ಎರಡು. ಪಾಠಕ್ಕೆ ಹೊಡೆಯುವುದನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ. ಇನ್ನೊಂದು ಹಳೆಯ ಕಟ್ಟಡದ ಗೋಪುರದಲ್ಲಿದೆ. ನದಿಯಾಚೆಯ ಕ್ರೆಸ್ವಿಕ್ ಕಾಲೇಜನ್ನು ಸೋಲಿಸಿದ ದಿನ ಮಾತ್ರ ಅದು ಹೊಡೆಯಬೇಕು, ಗೆಲುವಿನ ಅಂಕ ತಂದವನೊಬ್ಬನೇ ಅದರ ಹಗ್ಗ ಮುಟ್ಟಬೇಕು. ಕೊನೆಯದಾಗಿ ಮುಟ್ಟಿದವನು ಎಮೆಟ್. ಆಮೇಲೆ ಇಪ್ಪತ್ತೊಂದು ವರ್ಷ ಸೋಲು, ಇಲ್ಲವೇ ಸಮ. ಹೊಸ ಹುಡುಗರು ಬಂದಾಗ ಅವರನ್ನು ಗೋಪುರದ ಕೆಳಗೆ ನಿಲ್ಲಿಸಿ ಆ ಕಥೆ ಹೇಳುವವನೂ ಅವನೇ. ಕೆಸರು, ಮಳೆ, ತಲೆಗೆ ತೊಗಲಿನ ಟೋಪಿಯೂ ಇಲ್ಲದ ಕಾಲ, ಮೂಗಿನ ಮೂಳೆ ಮುರಿದು ಬಾಯಿಗೆ ಇಳಿದ ರಕ್ತ, ಇಡೀ ಮೈದಾನದುದ್ದದ ಓಟ. ವರ್ಷದಿಂದ ವರ್ಷಕ್ಕೆ ಕೆಸರು ಆಳವಾಗಿತ್ತು, ಎದುರಾಳಿಗಳು ಹೆಚ್ಚಿದ್ದರು, ಟುಲಿ ಕಥೆಯಿಂದ ಮೆಲ್ಲಗೆ ಜಾರಿಹೋಗಿದ್ದ. ಹೋದ ಸೆಪ್ಟೆಂಬರಿನಲ್ಲಿ ಹೂಡಾಕ್ ಕೈ ಎತ್ತಿ, ಸರ್, ಮಿಸ್ಟರ್ ಟುಲಿ ಎದುರಿನವನನ್ನ ಯಾವ ಕಡೆಗೆ ತಳ್ಳಿದ್ರು, ಒಳಗೋ ಹೊರಗೋ, ಎಂದು ಕೇಳಿದ್ದ. ಕೊಂಕಿರಲಿಲ್ಲ. ಕಲಿಯುವುದಕ್ಕೆ ಕೇಳಿದ್ದ. ಎಮೆಟ್‌ಗೆ ಗೊತ್ತಿರಲಿಲ್ಲ. ಅವನು ನೋಡಿಯೇ ಇರಲಿಲ್ಲ. ಅಂದಿನಿಂದ ಆ ಹುಡುಗನನ್ನು ಕಂಡ ದಿನ ಊಟ ಸೇರುವುದಿಲ್ಲ. ಅದನ್ನು ಅಜೀರ್ಣವೆಂದು ಕರೆದು ಔಷಧಿಯಂಗಡಿಯಿಂದ ಸೋಡಾಪುಡಿ ತಂದು ಕುಡಿದದ್ದೂ ಆಯಿತು.

ಮನೆಗೆ ನಡೆಯುವಾಗ ಕಿಟಕಿ ಕಿಟಕಿಯಲ್ಲೂ ಹೂಡಾಕ್‌ನ ಹೆಸರು. ಬೇಕರಿಯವನು ಸಕ್ಕರೆಯಲ್ಲಿ ಬರೆದಿದ್ದ. ಈ ಹೆಸರಿನಲ್ಲಿ ಏನಿದೆ, ಕೆಮ್ಮಿದ ಹಾಗಿದೆ, ಎಂದು ಎಮೆಟ್ ಯೋಚಿಸಿದ, ಯೋಚಿಸಿದ್ದಕ್ಕೆ ನಾಚಿಕೊಂಡ, ಮತ್ತೆ ಯೋಚಿಸಿದ. ಹುಡುಗನ ಮೇಲೆ ತಪ್ಪು ಹೊರಿಸುವುದಕ್ಕೆ ಏನಾದರೂ ಸಿಕ್ಕಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು. ಕುಡಿಯುವುದಿಲ್ಲ. ಜಂಬವಿಲ್ಲ. ಕಾಲೇಜಿನ ಅಡುಗೆಮನೆಯಲ್ಲಿ ತಟ್ಟೆ ತೊಳೆದು ಊಟ ಸಂಪಾದಿಸುತ್ತಾನೆ. ಮೈದಾನಕ್ಕಿಳಿದರೆ ಮಾತ್ರ ಎಲ್ಲರೂ ಮಾತು ನಿಲ್ಲಿಸಬೇಕು, ಹಾಗೆ ಓಡುತ್ತಾನೆ. ಅಭ್ಯಾಸದ ದಿನಗಳಲ್ಲಿ ಇಡೀ ತಂಡ ಬಾಯಿ ತೆರೆದು ನಿಂತಾಗ ಎಮೆಟ್ ಹೇಳುವುದು ಒಂದೇ ಮಾತು. "ಎಡಗಾಲು, ಹೂಡಾಕ್. ತಿರುಗೋವಾಗ ಮೊದಲು ಎಡಗಾಲು." ಹುಡುಗ ಪ್ರತಿ ಸಲವೂ ತನ್ನ ಕಾಲನ್ನು ನೋಡಿಕೊಂಡು, "ಥ್ಯಾಂಕ್ಸ್ ಕೋಚ್," ಎನ್ನುತ್ತಾನೆ. ಹೊಗಳುವ ಮಾತು ನಾಲಿಗೆಯ ತುದಿಯವರೆಗೆ ಬಂದು ಕಾಲಿನ ತಪ್ಪಾಗಿ ಹೊರಬೀಳುತ್ತದೆ. ಕಾಲಿನಲ್ಲಿ ತಪ್ಪೇ ಇಲ್ಲದ ದಿನವೂ.

ಹೆಂಡತಿ ಕೋರಾ ಮೊಟ್ಟೆ ಹುರಿದು, ಪತ್ರಿಕೆಯನ್ನು ಜಾಡಿಗೆ ಒರಗಿಸಿಕೊಂಡು ಓದುತ್ತಿದ್ದಳು. "ನಿನ್ನ ಹೆಸರೂ ಇದೆ ಎಮೆಟ್," ಎಂದಳು. "'ಹೂಡಾಕ್‌ನ ಕೋಚ್' ಅಂತ ಹಾಕಿದ್ದಾರೆ."

"ಅದು ಹೆಸರಲ್ಲ."

"ಒಳಗಡೆ ಇರಬೇಕು, ನೋಡ್ತೀನಿ," ಎಂದವಳು ಪುಟ ತಿರುವಿ, ಹುಡುಕಿ, ಸಿಗದೆ, ಕಾಫಿ ಬಗ್ಗಿಸಿದಳು. ಅವಳ ಗಲ್ಲ ಕೆಂಪಾಗಿತ್ತು. ಒಲೆಯ ಶಾಖಕ್ಕಿರಬಹುದು. ಅವನು ಗೆದ್ದ ಆ ದಿನ ಅವಳು ಬೆಂಚಿನ ಮೇಲೆ ಹತ್ತಿ ನಿಂತಿದ್ದಳು, ಕೈಚೀಲ ಬಿಸಾಡಿ, ಹೆಂಗಸರು ಹಾಗೆ ನಿಲ್ಲಬಾರದು ಎಂದು ಪಕ್ಕದವರು ಸೆರಗು ಜಗ್ಗಿದ ಹಾಗೆ ಅವಳ ಕೋಟನ್ನು ಜಗ್ಗುತ್ತಿದ್ದರೂ. ಗೋಲುಗೆರೆಯಾಚೆ ಕೆಸರಿನಲ್ಲಿ ಬಿದ್ದುಕೊಂಡು ಎಮೆಟ್ ಮೊದಲು ಕಂಡದ್ದು ಅದನ್ನೇ. ಮದುವೆಯಾದದ್ದು ಆ ನಿಂತ ಹುಡುಗಿಯನ್ನು. ಆಮೇಲೆ ಇಷ್ಟು ಶನಿವಾರಗಳಲ್ಲಿ ಅವಳು ಕೂತೇ ಆಟ ನೋಡಿದ್ದಾಳೆ, ಮಡಿಲಲ್ಲಿ ಹೆಣಿಗೆ ಇಟ್ಟುಕೊಂಡು. ತಂಡ ಸೋತಾಗಲೆಲ್ಲ ಊರವರು ಬೇಜಾರಿನಲ್ಲೂ ಅವನ ಬೆನ್ನು ತಟ್ಟಿ, ನೀನೇ ಆಡಿದ್ದಿದ್ರೆ ಕಥೆ ಬೇರೆ ಇರ್ತಿತ್ತು ಮಾರಾಯ, ಎನ್ನುತ್ತಿದ್ದರು. ಆ ಮಾತಿಗಾಗಿ ತಾನು ಸೋಲನ್ನೇ ಕಾಯುತ್ತಿದ್ದೆನೋ ಏನೋ. ಮೊಟ್ಟೆ ಆರಿಹೋಗಿತ್ತು. ಗೆಲ್ಲಬೇಕು, ಗೆದ್ದರೆ ಕೋಚ್‌ಗೂ ಹೆಸರು, ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಕೋರಾ ತಲೆ ಎತ್ತಿ, "ಏನಂದೆ," ಎಂದಳು.

ಮಧ್ಯಾಹ್ನದ ಆಟದಲ್ಲಿ ಕೊನೆಯ ಅವಧಿಯವರೆಗೂ ಎರಡೂ ಕಡೆ ಸೊನ್ನೆ. ಮೋಡ ಕವಿದು ಬೆಳಕು ಬೇಗನೆ ಕುಗ್ಗುತ್ತಿತ್ತು. ಎಮೆಟ್ ಬೆಂಚಿನಲ್ಲಿ ಟೋಪಿಯನ್ನು ಮೊಣಕಾಲಿಗೆ ಹಾಕಿಕೊಂಡು ಕೂತಿದ್ದ. ಹಿಂದಿನ ಸಾಲಿನಲ್ಲಿ ಟುಲಿ, ಸರ್ಕಾರ ನಿಷೇಧಿಸಿರುವ ಪದಾರ್ಥವನ್ನು ಕೆಮ್ಮಿನ ಔಷಧಿಯ ಸೀಸೆಯಿಂದ ಗುಟುಕರಿಸುತ್ತ, "ಕೆಮ್ಮು ಜಾಸ್ತಿ ಆಗಿದೆ ಕಣಯ್ಯಾ, ನಿನಗೂ ಬೇಕಾ," ಎಂದು ಕಿವಿಯಲ್ಲಿ ಉಸುರುತ್ತಿದ್ದ. ಆಗ ಹೂಡಾಕ್ ಚೆಂಡು ಹಿಡಿದ. ತಮ್ಮ ಗೆರೆಯ ಹತ್ತಿರ, ಮೂಲೆಯಲ್ಲಿ, ಮುಂದೆ ಎರಡು ಮೂರು ಜನ ಇದ್ದರು. ತಿರುಗಿದ. ಎಡಗಾಲು ಮೊದಲು. ಎಮೆಟ್ ಅದನ್ನು ಕಂಡ, ಅಷ್ಟು ಚೊಕ್ಕವಾಗಿ ಎಡಗಾಲು ಊರಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ, ತನ್ನದರಲ್ಲೂ. ಆಮೇಲೆ ಇಡೀ ಮೈದಾನ ಎದ್ದಿತು. ಹುಡುಗ ಒಬ್ಬೊಬ್ಬರನ್ನೇ ಬಿಟ್ಟು ಹೋಗುತ್ತಿದ್ದ, ಅವಸರವಿಲ್ಲದೆ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಎನ್ನುವವನ ಹಾಗೆ. ಎಮೆಟ್ ಓಟ ನೋಡಬೇಕಾದವನು ತಿರುಗಿ ಹೆಂಗಸರ ಸಾಲನ್ನು ನೋಡಿದ. ಕೋರಾ ಬೆಂಚಿನ ಮೇಲೆ ನಿಂತಿದ್ದಳು. ಹೆಣಿಗೆಯ ಉಂಡೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳುತ್ತಿತ್ತು. ಬಾಯಿ ತೆರೆದಿತ್ತು. ಅದೇ ಮುಖ. ನಲವತ್ತರ ಮುಖದೊಳಗಿನಿಂದ ಆ ಹುಡುಗಿ ಎದ್ದು ಬಂದಿದ್ದಳು, ಇಷ್ಟು ವರ್ಷ ಮನೆಯಲ್ಲೇ ಇದ್ದು ಅವನಿಗೆ ಒಮ್ಮೆಯೂ ಸಿಕ್ಕದವಳು.

ಗೋಲುಗೆರೆಗೆ ಇನ್ನು ನಾಲ್ಕೈದು ಹೆಜ್ಜೆ ಇರುವಾಗ ಹೂಡಾಕ್‌ನನ್ನು ಕೆಡವಿದರು. ಅವನು ಎದ್ದ, ಚೆಂಡನ್ನು ರೆಫರಿಯ ಕೈಗೆ ಕೊಟ್ಟ, ನೆಟ್ಟಗೆ ನಡೆದು ತನ್ನ ಜಾಗಕ್ಕೆ ಹೋದ. ಜನ ಅವನ ಹೆಸರು ಕೂಗುತ್ತಿದ್ದರು. ಕೆಡವಿದರೂ ಚೆಂಡು ಇನ್ನೂ ತಮ್ಮ ತಂಡದ್ದೇ, ಇನ್ನೊಂದು ಸಲ ಅವನ ಕೈಗೆ ಕೊಟ್ಟರೆ ಮುಗಿಯಿತು. ಗೋಪುರದ ಬಾಗಿಲು ಆಗಲೇ ತೆರೆದಿಟ್ಟಿದ್ದಾರೆ. ಹಗ್ಗಕ್ಕೆ ಅವನ ಅಂಗೈ ಸುತ್ತುತ್ತದೆ, ಇವತ್ತು, ಇನ್ನೊಂದು ಗಳಿಗೆಯಲ್ಲಿ. ಎಮೆಟ್‌ನ ಅಂಗೈ ತುರಿಸಿತು. ಅಂದು ಗಂಟೆ ಹೊಡೆದು ಹೊಡೆದು ಅಲ್ಲಿ ಬೊಬ್ಬೆ ಎದ್ದಿದ್ದವು. ಬೊಬ್ಬೆ ಒಡೆಯದಿರಲಿ ಎಂದು ವಾರವೆಲ್ಲ ಆ ಕೈಯನ್ನು ನೀರಿಗಿಟ್ಟಿರಲಿಲ್ಲ. "ಪಿಯರ್ಸನ್," ಎಂದು ಯಾರೋ ಕರೆದರು. ಕರೆದವನು ಎಮೆಟ್. ಬೆಂಚಿನ ತುದಿಯಲ್ಲಿದ್ದ ಪಿಯರ್ಸನ್, ತಿಂಗಳಿಂದ ಕಂಬಳಿ ಹೊದ್ದು ಕೂತೇ ಇದ್ದವನು, ದಿಗಿಲಿನಿಂದ ನೋಡಿದ. "ಹೋಗು. ಹೂಡಾಕ್ ಜಾಗಕ್ಕೆ." ಹುಡುಗ ಕದಲಲಿಲ್ಲ. "ಹೋಗು ಅಂದೆ."

ಕೊನೆಯ ಅವಧಿಯಲ್ಲಿ ಹೊರಗೆ ಬಂದವನು ಮತ್ತೆ ಒಳಗೆ ಹೋಗುವಂತಿಲ್ಲ, ಇದು ನಿಯಮ. ಒಳಗೆ ಹೋದ ಬದಲಿಯವನು ಚೆಂಡು ಒಂದು ಸಲ ಆಡಿ ಮುಗಿಯುವವರೆಗೆ ತನ್ನವರ ಹತ್ತಿರ ತುಟಿ ಬಿಚ್ಚುವಂತಿಲ್ಲ, ಕೋಚ್‌ನ ಮಾತು ಹೊತ್ತು ತಂದಾನು ಎಂದು. ಬೆಂಚಿನಲ್ಲಿ ಕೂತ ಕೋಚ್ ಮೈದಾನಕ್ಕೆ ಕೂಗಿ ಹೇಳುವಂತಿಲ್ಲ. ಪಿಯರ್ಸನ್ ರೆಫರಿಯ ಮುಂದೆ ನಿಂತು ಕೈ ಎತ್ತಿದ. ವಾಪಸು ಕರೆಯಬಹುದಿತ್ತು, ಇನ್ನೂ ಒಂದು ಉಸಿರಿನಷ್ಟು ಸಮಯವಿತ್ತು. ಕೂಗಿದರೆ ತಂಡಕ್ಕೆ ದಂಡ ಬೀಳುತ್ತದೆ ಎಂದು ಎಮೆಟ್ ತನಗೆ ತಾನೇ ಹೇಳಿಕೊಂಡ. ನಿಯಮದ ಮೇಲೆ ಅವನಿಗೆ ಆ ಕ್ಷಣದಲ್ಲಿ ಬಂದಷ್ಟು ಗೌರವ ಹಿಂದೆಂದೂ ಬಂದಿರಲಿಲ್ಲ. ಹೂಡಾಕ್ ತನ್ನ ಎದೆ ಮುಟ್ಟಿಕೊಂಡು, ನಾನಾ, ಎಂದು ಬೆಂಚಿನತ್ತ ನೋಡಿದ. ಆಮೇಲೆ ತಲೆ ತಗ್ಗಿಸಿ ಬಂದ. ಎಲ್ಲರ ಕಣ್ಣೂ ಗೋಲುಗೆರೆಯ ಮೇಲಿದ್ದವು. ಅವನು ನಡೆದು ಬಂದದ್ದನ್ನು ನೋಡಿದವರು ಹೆಚ್ಚಿಲ್ಲ.

"ಏನಾಯ್ತು ಕೋಚ್," ಎಂದ, ಮೆಲ್ಲಗೆ. "ಏನಾದ್ರೂ ತಪ್ಪು ಮಾಡಿದ್ನಾ?"

"ಕೂತ್ಕೋ," ಎಂದ ಎಮೆಟ್. "ಕಂಬಳಿ ಹೊದ್ಕೋ. ಬೆವರಿದ್ದೀಯ."

ಮುಂದಾಳು ಮುಂದಿನ ಆಟದ ಗುಟ್ಟಿನ ಅಂಕಿಗಳನ್ನು ಕೂಗಿದ. ಅದು ಹೂಡಾಕ್‌ಗೆಂದೇ ಕಟ್ಟಿದ ಆಟ, ಎಡಕ್ಕೆ ಸುತ್ತಿ ಬರಬೇಕಾದದ್ದು. ಪಿಯರ್ಸನ್‌ಗೆ ಬಲಗಡೆಯದಷ್ಟೇ ಬರುತ್ತಿತ್ತು. ಅವನು ಕೇಳುವುದಕ್ಕೆ ಬಾಯಿ ತೆರೆದ. ಮಾತಾಡಬಾರದೆಂಬುದು ನೆನಪಾಗಿ ಮುಚ್ಚಿದ. ಆ ತೆರೆದು ಮುಚ್ಚಿದ ಬಾಯಿ ಬೆಂಚಿಗೂ ಕಾಣಿಸಿತು. ಚೆಂಡು ಎಡಕ್ಕೆ ಹೋಯಿತು, ಪಿಯರ್ಸನ್ ಬಲಕ್ಕೆ ಹೋದ. ಖಾಲಿ ನೆಲದ ಮೇಲೆ ಚೆಂಡು ಪುಟಿಯಿತು, ಕ್ರೆಸ್ವಿಕ್‌ನ ದಡೂತಿ ಹುಡುಗನೊಬ್ಬ ಅದರ ಮೇಲೆ ಹೊಟ್ಟೆ ಮುಚ್ಚಿ ಬಿದ್ದ. ಅಷ್ಟೇ. ಆಟ ಸೊನ್ನೆಗೆ ಸೊನ್ನೆ ಮುಗಿಯಿತು. ಗೋಪುರದ ಹತ್ತಿರ ಕಾದಿದ್ದವರು ಬಾಗಿಲಿಗೆ ಅಗಳಿ ಹಾಕಿದ ಸದ್ದು ಮೈದಾನದವರೆಗೂ ಬಂತು. ಎಮೆಟ್‌ಗೆ ಮೊದಲು ಬಂದದ್ದು ಸಮಾಧಾನ. ಅದು ಬೆಚ್ಚಗೆ ಮೈಯೆಲ್ಲ ಹರಡಿತು. ಅದನ್ನು ಕಂಡು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಸಮಾಧಾನ ಹೋಗಲಿಲ್ಲ.

ಬಟ್ಟೆ ಬದಲಿಸುವ ಕೋಣೆಗೆ ಪ್ರಿನ್ಸಿಪಾಲ್ ಲಾತ್ರಪ್ ಬಂದ. ಎಂದೂ ಬರದವನು. ಪಿಯರ್ಸನ್ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. "ಊರವರು ಕೇಳ್ತಿದ್ದಾರೆ ಎಮೆಟ್," ಎಂದ ಲಾತ್ರಪ್. "ಏನು ಹೇಳಲಿ ಅವರಿಗೆ? ಆ ಹುಡುಗನನ್ನ ಯಾಕೆ ಕರೆದ್ರಿ?"

"ಮೊಣಕಾಲು." ಮಾತು ತಾನೇ ಬಂತು, ಹೊಸೆದಿಟ್ಟ ಹಾಗೆ. "ಬಿದ್ದು ಏಳೋವಾಗ ಕುಂಟಿದ. ನಾನು ನೋಡ್ದೆ. ಇನ್ನೊಂದು ಸಲ ಬಿದ್ದಿದ್ರೆ ಕಾಲೇ ಹೋಗ್ತಿತ್ತು."

ನೀರಿನ ಕೋಣೆಯ ಬಾಗಿಲಲ್ಲಿ ಹೂಡಾಕ್ ನಿಂತಿದ್ದ, ಹೆಗಲಿಗೆ ಟವೆಲು ಹಾಕಿಕೊಂಡು. ಕೇಳಿಸಿಕೊಂಡಿದ್ದ. ಎರಡೂ ಕಾಲುಗಳು ಒದ್ದೆಯಾಗಿ, ಚೆನ್ನಾಗಿ, ನೆಲದ ಮೇಲೆ ಊರಿದ್ದವು. ಎಮೆಟ್ ಅವನ ಮುಖ ನೋಡಿದ, ಸರಿ, ಈಗ ಹೇಳು, ಹೇಳಿಬಿಡು, ನನ್ನನ್ನು ಇಲ್ಲೇ ಮುಗಿಸು ಎಂದು ಒಳಗೊಳಗೇ ಬೇಡಿಕೊಂಡ, ಹೇಳಬೇಡ ಎಂದೂ ಬೇಡಿಕೊಂಡ. ಹುಡುಗನ ಹುಬ್ಬು ಸ್ವಲ್ಪ ಗಂಟಿಕ್ಕಿತು, ಕಷ್ಟದ ಲೆಕ್ಕವೊಂದು ಎದುರಿಗೆ ಬಂದಾಗಿನ ಹಾಗೆ, ಆಮೇಲೆ ಬಿಡಿಸಿಕೊಂಡಿತು. ಅವನು ಬೆಂಚಿನ ಅಂಚು ಹಿಡಿದು ನಿಧಾನವಾಗಿ ಕೂತ. "ಹೌದು ಸರ್," ಎಂದ ಪ್ರಿನ್ಸಿಪಾಲನಿಗೆ. "ಬಲಗಾಲು. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

ಹೊರಗೆ ಅವನಪ್ಪ ಕಾದಿದ್ದ, ಭಾನುವಾರದ ಕೋಟು ತೊಟ್ಟು, ಮುಖದ ಚರ್ಮದೊಳಗೆ ಕಲ್ಲಿದ್ದಲಿನ ನೀಲಿ ಚುಕ್ಕೆಗಳು. ಎಮೆಟ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. "ಗಣೀಲಿ ಯಾರೂ ಕಾಲು ನೋಡಲ್ಲ," ಎಂದ, ಒಂದೊಂದೇ ಮಾತನ್ನು ಆರಿಸಿಕೊಂಡು. "ಕಲ್ಲಿದ್ದಲು ನೋಡ್ತಾರೆ. ನೀವು ನನ್ನ ಮಗನ ಕಾಲು ನೋಡಿದ್ರಿ. ಗಂಟೆ ಬಿಡಿ, ಗಂಟೆ ಏನು." ಅವನ ಹಿಂದೆ ಹೂಡಾಕ್ ಬಲಗಾಲು ಎಳೆದುಕೊಂಡು ಮೆಟ್ಟಿಲಿಳಿಯುತ್ತಿದ್ದ. ಎಮೆಟ್‌ಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ನೆಲ ಎಂದಾದರೂ ಹೇಳಿದ ಮಾತು ಕೇಳಿದೆಯೇ.

ಭಾನುವಾರ ಚರ್ಚಿನಲ್ಲಿ ಪಾದ್ರಿ ಅದನ್ನೇ ಎತ್ತಿಕೊಂಡ. ಇಪ್ಪತ್ತೊಂದು ವರ್ಷ ಕಾದ ಗೆಲುವನ್ನು ಒಬ್ಬ ಬಡ ಹುಡುಗನ ಮೊಣಕಾಲಿಗಾಗಿ ಬಿಟ್ಟುಕೊಟ್ಟವರು ನಮ್ಮ ನಡುವೆ ಇದ್ದಾರೆ ಎಂದ. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಎಮೆಟ್ ಪ್ರಾರ್ಥನೆಯಲ್ಲಿರುವವನ ಹಾಗೆ ಕಣ್ಣು ಮುಚ್ಚಿಕೊಂಡ. ಇಷ್ಟು ಹೊಗಳಿಕೆ ಆ ಓಟಕ್ಕೂ ಸಿಕ್ಕಿರಲಿಲ್ಲ. ಪಕ್ಕದಲ್ಲಿ ಕೋರಾ ಕೈಗವಸಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತಿದ್ದಳು. ಹೊರಬಂದಾಗ ಟುಲಿ ಟೋಪಿ ತೆಗೆದು, ಸೊಂಟ ಬಗ್ಗಿಸಿ, "ಸಂತ ಎಮೆಟ್," ಎಂದ. ಆಮೇಲೆ ನಗದೆ, ಅವನಿಗಷ್ಟೇ ಕೇಳುವ ಹಾಗೆ, "ಒಳಗಡೆಗೆ ಕಣೋ. ಅವತ್ತು ನಾನು ಆ ಎದುರಿನವನನ್ನ ತಳ್ಳಿದ್ದು ಒಳಗಡೆಗೆ. ಆ ಹುಡುಗ ನನ್ನ ಅಂಗಡಿಗೇ ಬಂದು ಕೇಳಿಕೊಂಡು ಹೋದ. ನೀನು ಯಾವತ್ತಾದ್ರೂ ಕೇಳಿದ್ಯಾ?" ಎಂದು ಹೊರಟುಹೋದ.

ಊಟಕ್ಕೆ ಹಂದಿಮಾಂಸ, ಸೇಬಿನ ಗೊಜ್ಜು. ತಟ್ಟೆ ಎತ್ತುವಾಗ ಕೋರಾ ಹೇಳಿದಳು, "ನಾನು ಬೆಂಚಿನ ಮೇಲೆ ಹತ್ತಿ ನಿಂತಿದ್ದೆ ಎಮೆಟ್."

"ನೋಡ್ದೆ."

"ನೋಡ್ದೆ ಅಂತ ಗೊತ್ತು. ಆಟ ಬಿಟ್ಟು ನನ್ನ ನೋಡ್ತಿದ್ದೆ." ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. "ಅಷ್ಟು ಎತ್ತರದಿಂದ ಎಲ್ಲಾ ಚೆನ್ನಾಗಿ ಕಾಣುತ್ತೆ. ಆ ಹುಡುಗ ಕುಂಟಲಿಲ್ಲ."

ಅವನು ಏನೋ ಹೇಳಲು ಹೋದ. ಅವಳು ಕೈ ಅಡ್ಡ ಹಿಡಿದಳು, ಬೇಡ ಎಂದು. "ಅವತ್ತು ನಾನು ಎದ್ದು ನಿಂತಿದ್ದು ನಿನಗೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೀಯ. ನಿನ್ನ ಹೆಸರೇ ನನಗೆ ಆಗ ಗೊತ್ತಿರಲಿಲ್ಲ. ಯಾರೋ ಅಷ್ಟು ಚಂದ ಓಡ್ತಿದ್ದ, ಅದಕ್ಕೆ ನಿಂತೆ." ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ಅವಳ ಮಾತಿಗಿಂತ, ಆ ಯಾರೋ ಒಬ್ಬನ ಮೇಲೂ ತನಗೆ ಹೊಟ್ಟೆಕಿಚ್ಚಾಗುತ್ತಿದೆಯಲ್ಲ ಎಂಬುದೇ ಎಮೆಟ್‌ನನ್ನು ಹೆದರಿಸಿತು.

ಸೋಮವಾರ ಬೆಳಿಗ್ಗೆ ಅವನು ಗಸ್‌ನ ಅಂಗಡಿಗೆ ಹೋಗಬೇಕೆಂದಿರಲಿಲ್ಲ. ಹೋಗದಿದ್ದರೆ ಮುಖ ಮರೆಸಿಕೊಂಡನೆಂದು ಜನ ತಿಳಿದಾರು ಎಂದು ಹೋದ. ಕನ್ನಡಿಯ ಮೇಲೆ ಅವನ ಫೋಟೋ ಮರಳಿ ಬಂದಿತ್ತು. ಗಾಜು ಒರೆಸಿತ್ತು, ಹೆಸರು, ಇಸವಿ ಎಲ್ಲ ಓದುವಂತಿದ್ದವು. "ಮನುಷ್ಯ ಅಂದ್ರೆ ಹೀಗಿರಬೇಕು ಕೋಚ್," ಎಂದ ಗಸ್, ಬ್ರಷ್ಷಿನಿಂದ ನೊರೆ ಬಳಿಯುತ್ತ. "ಓಡೋರು ಬೇಕಾದಷ್ಟು ಜನ ಸಿಗ್ತಾರೆ." ಹೂಡಾಕ್‌ನ ಚಿತ್ರ ಎಲ್ಲಿ ಎಂದು ಎಮೆಟ್ ಕೇಳಲಿಲ್ಲ. ಗೂಟಗಳ ಮೇಲೆ ಕೋಟುಗಳು ದಟ್ಟವಾಗಿ ತೂಗುತ್ತಿದ್ದವು.

ಆಗ ಕಿಟಕಿಯಾಚೆ ಹುಡುಗ ಕಾಣಿಸಿದ. ಕಂಕುಳಲ್ಲಿ ಪುಸ್ತಕಗಳು, ರಸ್ತೆ ದಾಟುತ್ತಿದ್ದ, ಪಾಪ, ಶ್ರದ್ಧೆಯಿಂದ ಕುಂಟುತ್ತ. ಬೇಕರಿಯವನು ಗಾಡಿ ನಿಲ್ಲಿಸಿ ದಾರಿ ಬಿಟ್ಟ. ಎಮೆಟ್ ಕಣ್ಣು ಕಿರಿದು ಮಾಡಿದ. ಇಪ್ಪತ್ತು ವರ್ಷ ಹುಡುಗರ ಕಾಲು ನೋಡಿದ ಕಣ್ಣು ಅದು, ತಪ್ಪುವುದಿಲ್ಲ. ಹುಡುಗ ಎಳೆಯುತ್ತಿದ್ದದ್ದು ಎಡಗಾಲನ್ನು.

ಎಮೆಟ್ ಎದ್ದ. ಕುತ್ತಿಗೆಯ ಬಟ್ಟೆ, ಮುಖದ ನೊರೆ, ಯಾವುದೂ ತೆಗೆಯದೆ ಬಾಗಿಲು ನೂಕಿಕೊಂಡು ರಸ್ತೆಗೆ ಬಂದ. ಗಸ್ ಹಿಂದಿನಿಂದ ಏನೋ ಕೇಳುತ್ತಿದ್ದ. ಹೇಳಬೇಕಾದದ್ದೆಲ್ಲ ಗಂಟಲಿನವರೆಗೆ ಬಂದಿತ್ತು: ಓಟದ ಮಾತು, ಅಷ್ಟು ಚೊಕ್ಕವಾಗಿ ಯಾರೂ ತಿರುಗಿದ್ದನ್ನು ನಾನು ಕಂಡಿಲ್ಲ ಎಂಬ ಮಾತು, ಗಂಟೆ ನಿನ್ನದಾಗಿತ್ತು ಎಂಬ ಮಾತು, ಕ್ಷಮೆ. ಹೂಡಾಕ್ ನಿಂತ. ನೊರೆ ಮೆತ್ತಿದ ಆ ಮುಖವನ್ನು ನೋಡಿಯೂ ನಗದೆ, ಟೋಪಿ ತೆಗೆದು ಕಾದ. ಬೇಕರಿಯವನು ನೋಡುತ್ತಿದ್ದ. ಅಂಗಡಿಯ ಬಾಗಿಲಲ್ಲಿ ಗಸ್ ನೋಡುತ್ತಿದ್ದ.

"ಬಲಗಾಲು, ಹೂಡಾಕ್," ಎಂದ ಎಮೆಟ್, ಸಣ್ಣ ದನಿಯಲ್ಲಿ.

ಹುಡುಗ ತಲೆ ಬಗ್ಗಿಸಿ ತನ್ನ ಕಾಲುಗಳನ್ನು ನೋಡಿಕೊಂಡ. ಕಿವಿ ಕೆಂಪಾಯಿತು.

"ಥ್ಯಾಂಕ್ಸ್ ಕೋಚ್," ಎಂದು, ಕಾಲು ಬದಲಿಸಿಕೊಂಡು, ಕುಂಟುತ್ತ ಕಾಲೇಜಿನ ಕಡೆಗೆ ನಡೆದ.